ಎರಡು ಸಾಲಿನ ಸಾಹೇಬರು

ಕ್ಷಮಿಸಿ ದೊಡ್ಡವರಾಗಬೇಕು ಎಂದು ಬುದ್ಧಿ ಹೇಳುವವರು ಇದನ್ನು ಓದದಿದ್ದರೇ ಒಳ್ಳೆಯದು. ನಾನು ಹೇಳಹೊರಟಿರುವುದು ನನ್ನ ಅಣ್ಣನ ಹೆಂಡತಿಯ, ಅಂದರೆ ನನ್ನ ಅತ್ತಿಗೆಯ ಕಥೆ. ಅವರು ಒಬ್ಬ ಮನುಷ್ಯನನ್ನು ಕ್ಷಮಿಸಲಿಲ್ಲ. ಹತ್ತು ತಿಂಗಳು ಕಾದು ಕೂತರು, ಆಮೇಲೆ ಮಾಡಬೇಕಾದ್ದನ್ನು ಮಾಡಿದರು. ನನಗಂತೂ ಅವರ ಮೇಲೆ ಅಭಿಮಾನ ಹೆಚ್ಚಿದ್ದೇ ಆವತ್ತು.

ಅತ್ತಿಗೆಯ ಕೆಲಸ ತೂಕದ ಯಂತ್ರಗಳನ್ನು ಪರೀಕ್ಷೆ ಮಾಡುವುದು. ಔಷಧದ ಕಾರ್ಖಾನೆ, ಆಸ್ಪತ್ರೆ, ಬಣ್ಣ ತಯಾರಿಸುವ ಕಂಪನಿ, ಹೀಗೆ ಎಲ್ಲಿ ತೂಕ ಕೂದಲೆಳೆಯಷ್ಟೂ ತಪ್ಪಬಾರದೋ ಅಲ್ಲಿಗೆಲ್ಲ ಹೋಗುತ್ತಾರೆ. ಜೊತೆಗೊಂದು ಮರದ ಪೆಟ್ಟಿಗೆ. ಅದರೊಳಗೆ ಮಖಮಲ್ಲಿನ ಗುಳಿಗಳಲ್ಲಿ ಸಾಲಾಗಿ ಕೂತ ತೂಕದ ಬಟ್ಟುಗಳು. ಬೆರಳಿನ ಬೆವರು ತಾಕಿದರೂ ತೂಕ ಕೆಡುತ್ತದಂತೆ, ಹಾಗಾಗಿ ಚಿಮಟದಲ್ಲೇ ಎತ್ತಬೇಕು. ವಿಮಾನ ನಿಲ್ದಾಣದಲ್ಲಿ ಪ್ರತಿ ಸಲವೂ ಆ ಪೆಟ್ಟಿಗೆ ತೆಗೆಸುತ್ತಾರೆ, ಪ್ರತಿ ಸಲವೂ ಅತ್ತಿಗೆ ಕಾಗದ ತೋರಿಸಿ, "ಕೈ ಹಾಕಬೇಡಿ, ನಾನೇ ತೋರಿಸ್ತೀನಿ" ಅನ್ನುತ್ತಾರೆ. ಮನೆಯಲ್ಲೂ ಹಾಗೆಯೇ. ಡಬ್ಬಿಯ ಮುಚ್ಚಳ ಒಂದಿಷ್ಟು ಓರೆಯಾಗಿದ್ದರೂ ಎದ್ದು ಹೋಗಿ ಸರಿಮಾಡಿ ಬಂದರೇನೇ ನೆಮ್ಮದಿ. "ನನ್ನನ್ನೊಬ್ಬನ್ನ ಮಾತ್ರ ಪರೀಕ್ಷೆ ಮಾಡದೆ ತಗೊಂಡುಬಿಟ್ಟಳು" ಎಂದು ಅಣ್ಣ ಗೇಲಿ ಮಾಡುವುದುಂಟು.

ಕಂಪನಿಯವರು ಫೋನು ಕೊಟ್ಟ ಮೇಲೆ ಆಫೀಸು ಅನ್ನುವುದು ಅತ್ತಿಗೆಯ ಕೈಚೀಲಕ್ಕೇ ಬಂದು ಕೂತಿತು. ಟಿಕೆಟ್ಟು, ಹೋಟೆಲಿನ ರೂಮು, ಕಾರ್ಖಾನೆಯ ವಿಳಾಸ, ವರದಿ, ಎಲ್ಲ ಅದರಲ್ಲೇ. ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಮೇಲ್‌ಗೆ ಉತ್ತರ ಕೊಡುವುದನ್ನು ನಾನೇ ನೋಡಿದ್ದೇನೆ. ನಾನು ಬಟ್ಟೆ ಹೊಲಿಯುವವಳು. ಅಂಗಡಿಯ ಬಾಗಿಲು ಎಳೆದರೆ ನನ್ನ ಕೆಲಸ ಮುಗಿಯಿತು. ಅವರ ಕೆಲಸಕ್ಕೆ ಬಾಗಿಲೇ ಇರಲಿಲ್ಲ.

ಇನ್ನು ಅವರ ಮ್ಯಾನೇಜರು. ಆಫೀಸಿನಲ್ಲಿ ಅವರಿಗೆ "ಎರಡು ಸಾಲಿನ ಸಾಹೇಬರು" ಎಂದು ಹೆಸರು. ಮೇಲ್ ಬಂದಾಗ ಫೋನಿನ ನೆತ್ತಿಯಲ್ಲಿ ಎರಡು ಸಾಲು ಕಾಣಿಸುತ್ತದಲ್ಲ, ಅಷ್ಟನ್ನೇ ಓದಿ ಉತ್ತರ ಕೊಡುವ ಮಹಾನುಭಾವ. ಮೇಲ್ ತೆರೆದು ನೋಡುವುದೆಂದರೆ ಅವರ ಘನತೆಗೆ ಕುಂದು. ಉತ್ತರಗಳೂ ಮೂರೇ: "ಸರಿ", "ಸರಿ, ಹೊರಡಿ", "ಚೆನ್ನಾಗಿದೆ". ಎಷ್ಟು ದೊಡ್ಡ ಮೇಲ್ ಆದರೂ ಮೂರು ನಿಮಿಷದೊಳಗೆ ಉತ್ತರ. ಮೇಲಿನವರು ಅದನ್ನೇ ಚುರುಕುತನ ಅಂದುಕೊಂಡು ಬೆನ್ನು ತಟ್ಟುತ್ತಿದ್ದರು. ಜೊತೆಗೆ ಕನ್ನಡಕ ಹಾಕಿದರೆ ವಯಸ್ಸಾದಂತೆ ಕಾಣುತ್ತದೆಂಬ ಭಯ. ಫೋನಿನ ಅಕ್ಷರಗಳನ್ನು ಹೆಬ್ಬೆರಳಿನ ಗಾತ್ರಕ್ಕೆ ಹಿಗ್ಗಿಸಿಟ್ಟಿದ್ದರು. ಒಂದು ಸಲಕ್ಕೆ ನಾಲ್ಕು ಸಾಲು ಕಂಡರೆ ಹೆಚ್ಚು. ವಾರ್ಷಿಕ ಸಭೆಯ ಭಾಷಣವನ್ನು ಆರು ವರ್ಷದಿಂದ ಅತ್ತಿಗೆಯೇ ಬರೆದು ಮೇಲ್ ಮಾಡುತ್ತಿದ್ದರು. ಸಾಹೇಬರು ಅದನ್ನು ಮೊದಲ ಸಲ ನೋಡುತ್ತಿದ್ದುದೇ ವೇದಿಕೆಯ ಮೇಲೆ. ಗಂಟಲು ಒಳ್ಳೆಯದು. ಬಾಯಿ ಓದುತ್ತಿತ್ತು, ತಲೆ ಆರಾಮಾಗಿರುತ್ತಿತ್ತು.

ಇದೆಲ್ಲ ನಗೆಚಾಟಿಕೆಯಾಗಿಯೇ ಇರುತ್ತಿತ್ತು, ಅತ್ತಿಗೆಯ ಅಪ್ಪನಿಗೆ ಆಪರೇಷನ್ ನಿಗದಿಯಾಗದೇ ಇದ್ದಿದ್ದರೆ.

ಆಪರೇಷನ್ ಬುಧವಾರ ಬೆಳಿಗ್ಗೆ ಎಂಟಕ್ಕೆ. ಅದೇ ಬೆಳಿಗ್ಗೆ ಆರರ ವಿಮಾನದಲ್ಲಿ ಅತ್ತಿಗೆ ಒಂದು ಔಷಧದ ಕಾರ್ಖಾನೆಗೆ ಹೊರಡಬೇಕಿತ್ತು. ಮಂಗಳವಾರ ಬೆಳಿಗ್ಗೆ ಸಾಹೇಬರಿಗೆ ಎರಡು ಸಲ ಫೋನು ಮಾಡಿದರು. ಎರಡೂ ಸಲ ಕರೆ ಕತ್ತರಿಸಿ, "ಸಭೆಯಲ್ಲಿದ್ದೇನೆ, ಮೇಲ್ ಮಾಡಿ" ಎಂಬ ಸಂದೇಶ ಬಂತು. ಅತ್ತಿಗೆ ಮೇಲ್ ಮಾಡಿದರು. ಪ್ರಯಾಣದ ಮೇಲ್‌ಗೆ ಆ ಕಂಪನಿಯಲ್ಲಿ ಒಂದು ನಮೂನೆಯಿದೆ. ಮೊದಲ ಸಾಲಿನಲ್ಲಿ ಹೋಗುವ ಊರು, ಎರಡನೆಯದರಲ್ಲಿ ಗಿರಾಕಿಯ ಹೆಸರು ಬರಲೇಬೇಕು, ಫೋನೇ ತುಂಬಿಸಿಬಿಡುತ್ತದೆ. ಹಾಗಾಗಿ ಅಪ್ಪನ ವಿಷಯ ಮೂರನೇ ಸಾಲಿನಲ್ಲಿ ಬಂತು. "ನಾಳೆ ನನ್ನ ತಂದೆಗೆ ಆಪರೇಷನ್ ಇದೆ. ನನ್ನ ಬದಲು ಬೇರೆಯವರನ್ನು ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ." ತುರ್ತು ಎಂದು ಕೆಂಪು ಗುರುತನ್ನೂ ಹಾಕಿದ್ದರು. ಇಂಥದ್ದನ್ನಾದರೂ ತೆರೆದು ನೋಡುತ್ತಾರೆ ಎಂಬ ನಂಬಿಕೆ.

ಎರಡು ನಿಮಿಷದಲ್ಲಿ ಉತ್ತರ ಬಂತು. "ಸರಿ, ಹೊರಡಿ."

ಓದಿಯೂ ಹೊರಡು ಅಂದರಲ್ಲ ಎಂದು ಅತ್ತಿಗೆ ಸಂಜೆಯವರೆಗೂ ಒದ್ದಾಡಿದರು. ಮತ್ತೆ ಫೋನು ಮಾಡಿದರೆ ಎತ್ತಲಿಲ್ಲ. ದೊಡ್ಡ ಆಪರೇಷನ್ ಏನಲ್ಲ ಎಂದು ಡಾಕ್ಟರು ಹೇಳಿದ್ದರು. ತಾವು ಹೋಗದಿದ್ದರೆ ಆ ಕಾರ್ಖಾನೆಯ ಮಾತ್ರೆ ತಯಾರಿ ನಿಲ್ಲುತ್ತಿತ್ತು. ಹಲ್ಲು ಕಚ್ಚಿಕೊಂಡು ಹೊರಟರು. ಒಂಬತ್ತು ಗಂಟೆಗೆ ವಿಮಾನ ಇಳಿದು ಫೋನು ಆನ್ ಮಾಡಿದರೆ ಸಾಲುಗಟ್ಟಿ ಸಂದೇಶಗಳು ಬಂದವು. ಸಾಹೇಬರವೇ ಹನ್ನೊಂದು, ಎಲ್ಲ ಯಾವುದೋ ಹಳೆಯ ವರದಿಯ ಬಗ್ಗೆ. ಅವುಗಳ ನಡುವೆ ತಮ್ಮನದು ಒಂದು. "ಅಕ್ಕಾ, ಅಪ್ಪ ಹೋಗಿಬಿಟ್ಟರು."

ಮೂರನೇ ದಿನ ಸಾಹೇಬರು ಮಾತಾಡಿಸಲು ಅತ್ತಿಗೆಯ ತವರುಮನೆಗೆ ಬಂದರು. ನಾನೂ ಅಲ್ಲೇ ಇದ್ದೆ. ಅತ್ತಿಗೆಯ ಅಮ್ಮ ನರ್ಸ್ ಆಗಿ ನಿವೃತ್ತಿಯಾದವರು, ಕಟ್ಟುನಿಟ್ಟಿನ ಹೆಂಗಸು. ಅಳು ಕೂಡ ಬಾಗಿಲು ಹಾಕಿಕೊಂಡೇ ಅಳುವವರು. ಸಾಹೇಬರು ಅವರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, "ಅಮ್ಮಾ, ನಿಮ್ಮ ಮಗಳು ಒಂದು ಮಾತು ಹೇಳಿದ್ರೆ ನಾನೇ ಬೇರೆಯವರನ್ನ ಕಳಿಸ್ತಿದ್ದೆ. ಬಾಯೇ ಬಿಡಲಿಲ್ಲ ನೋಡಿ" ಅಂದರು. ಅಮ್ಮ ತಲೆಯೆತ್ತಿ ಮಗಳನ್ನು ಒಮ್ಮೆ ನೋಡಿದರು. ಆ ನೋಟ ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಸಾಹೇಬರು ಹೋದ ಮೇಲೆ ಅತ್ತಿಗೆ ಫೋನು ತೆರೆದು ಆ ಮೇಲ್ ತೋರಿಸಿದರು. ಅಮ್ಮ ನಿಧಾನಕ್ಕೆ ಓದಿದರು.

"ನೀನು ಬರೆದಿದ್ದು ಇಲ್ಲಿದೆ. ಅವರು ಓದಿದ್ದು ಎಲ್ಲಿದೆ?"

"ಉತ್ತರ ಕೊಟ್ಟಿದ್ದಾರಲ್ಲಮ್ಮ."

"ಅಷ್ಟು ದೊಡ್ಡ ಮನುಷ್ಯ, ಓದಿದ್ರೆ ಇಂಥ ಉತ್ತರ ಕೊಡ್ತಾನಾ? ಊರು ಮೊದಲು, ಕಾರ್ಖಾನೆ ಆಮೇಲೆ, ಅಪ್ಪ ಕೊನೆಗೆ. ಹೀಗಾ ಕೇಳೋದು? ನಿಮ್ಮಪ್ಪ ಕೊನೇವರೆಗೂ ನಿನ್ನ ಹೆಸರು ಹಿಡಿದೇ ಕೇಳ್ತಿದ್ರು. ತೆಗಿ ಆ ಫೋನನ್ನ."

ಅದೇ ಕೊನೆ. ಅಮ್ಮ ಮಗಳ ಹತ್ತಿರ ಮಾತು ಬಿಟ್ಟರು. ಅತ್ತಿಗೆ ಭಾನುವಾರ ಭಾನುವಾರ ಹೋಗಿ ಕೂತು ಬರುತ್ತಿದ್ದರು. ಒಂದು ಲೋಟ ನೀರು ಬೇಕಾದರೂ ಅಮ್ಮ ಮಗನನ್ನೇ ಕೂಗುತ್ತಿದ್ದರು.

ಅತ್ತಿಗೆ ಮೊದಲು ನೇರ ದಾರಿಯನ್ನೇ ಹಿಡಿದರು. ಸಾಹೇಬರ ರೂಮಿಗೆ ಹೋಗಿ ಮೇಲ್ ತೋರಿಸಿದರು. ಸಾಹೇಬರು ಫೋನನ್ನು ಕಣ್ಣಿನಿಂದ ದೂರ ಹಿಡಿದು ನೋಡಿ, "ಇಷ್ಟು ಕೆಳಗೆ ಬರೆದರೆ ಯಾರು ನೋಡ್ತಾರೆ?" ಅಂದರು.

"ಸರಿ ಸಾರ್. ನೋಡಿರಲಿಲ್ಲ ಅಂತ ನಮ್ಮಮ್ಮನಿಗೆ ಒಂದು ಮಾತು ಹೇಳಿಬಿಡಿ. ಅಷ್ಟು ಸಾಕು ನನಗೆ."

"ಆಗಿದ್ದು ಆಗಿಹೋಯ್ತು. ಈಗ ಹೋಗಿ ಅವರ ಮನಸ್ಸು ಯಾಕೆ ಕೆಡಿಸೋದು? ಹೊರಡಿ, ಕೆಲಸ ನೋಡಿ."

ಅತ್ತಿಗೆ ಕೆಲಸ ನೋಡಲು ಹೊರಟರು. ಆದರೆ ಅವತ್ತಿನಿಂದ ಅವರು ನೋಡುತ್ತಿದ್ದ ಕೆಲಸವೇ ಬೇರೆ. ಸಾಹೇಬರ ಬಾಯಿಂದಲೇ ಆ ಮಾತು ಹೊರಡಿಸಬೇಕು, ಅಮ್ಮನ ಕಿವಿಗೆ ಬೀಳಿಸಬೇಕು. "ಈ ಕೆಲಸ ಬಿಟ್ಟುಬಿಡಿ ಅತ್ತಿಗೆ" ಎಂದು ನಾನೊಮ್ಮೆ ಹೇಳಿದಾಗ, "ಬಿಡ್ತೀನಿ. ಈಗಲ್ಲ" ಅಂದರು. ಯಂತ್ರವನ್ನು ಪರೀಕ್ಷಿಸುವ ಮೊದಲು ಬಟ್ಟುಗಳನ್ನು ಪರೀಕ್ಷಿಸಿಕೊಳ್ಳುವ ಅಭ್ಯಾಸ ಅವರದು. ಹಾಗೆಯೇ ಸಾಹೇಬರನ್ನೂ ಪರೀಕ್ಷಿಸಿದರು. ಒಂದು ಪ್ರಯಾಣದ ಮೇಲ್‌ನ ತಳದಲ್ಲಿ "ನನ್ನೊಂದಿಗೆ ಒಂದು ಆನೆಯನ್ನೂ ಕರೆದೊಯ್ಯಲು ಅನುಮತಿ ಕೊಡಿ" ಎಂದು ಬರೆದರು. "ಸರಿ, ಹೊರಡಿ" ಎಂದು ಬಂತು. ಮುಂದಿನ ತಿಂಗಳ ವರದಿಯ ತಳದಲ್ಲಿ "ತಾವು ಅಪ್ಪಟ ಸೋಮಾರಿ" ಎಂದು ಬರೆದರು. "ಚೆನ್ನಾಗಿದೆ" ಎಂದು ಬಂತು. ನಾವಿಬ್ಬರೂ ನನ್ನ ಅಂಗಡಿಯಲ್ಲಿ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಗು ಮುಗಿದ ಮೇಲೆ ಅತ್ತಿಗೆ ಕಣ್ಣೊರೆಸಿಕೊಂಡು, "ಒಂದೇ ಒಂದು ಸಲ ಕೆಳಗೆ ನೋಡಿದ್ದಿದ್ರೆ ಬಿಟ್ಟುಬಿಡ್ತಿದ್ದೆ ಕಣೇ" ಅಂದರು. ನಾನಾಗಿದ್ದರೆ ಆಗಲೂ ಬಿಡುತ್ತಿರಲಿಲ್ಲ.

ವಾರ್ಷಿಕ ಸಭೆ ಬಂತು. ನಾನೂರು ಜನ, ಮುಂದಿನ ಸಾಲಿನಲ್ಲಿ ಕಂಪನಿಯ ಅಧ್ಯಕ್ಷೆ. ಅತ್ತಿಗೆ ಸೋಮವಾರವೇ ಭಾಷಣ ಕಳಿಸಿದ್ದರು. "ಚೆನ್ನಾಗಿದೆ" ಎಂದು ಒಂದೂವರೆ ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತ್ತು. ಗುರುವಾರ ಸಾಹೇಬರು ಹೊಸ ಕೋಟು ತೊಟ್ಟು ವೇದಿಕೆ ಹತ್ತಿದರು. ಅತ್ತಿಗೆ ಮೂರನೇ ಸಾಲಿನಲ್ಲಿ ಕೂತು ಫೋನಿನಲ್ಲಿ ಚಿತ್ರೀಕರಣ ಶುರು ಮಾಡಿದರು. ಅದನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ ಬಾಯಿಪಾಠವಾಗಿದೆ.

"ನಮ್ಮ ವಿಭಾಗದ ಬಲವೇ ವೇಗ" ಎಂದು ಸಾಹೇಬರು ಗಂಭೀರವಾಗಿ ಶುರು ಮಾಡುತ್ತಾರೆ. "ಯಾವ ಮೇಲ್ ಬಂದರೂ ಮೂರು ನಿಮಿಷದಲ್ಲಿ ಉತ್ತರ." ಚಪ್ಪಾಳೆ. ಹೆಬ್ಬೆರಳಿನಿಂದ ಫೋನಿನ ಪರದೆಯನ್ನು ಮೇಲಕ್ಕೆ ತಳ್ಳುತ್ತಾರೆ. "ಅದಕ್ಕೊಂದು ಉದಾಹರಣೆ. ಕಳೆದ ವರ್ಷ ನನ್ನ ಕೈಕೆಳಗಿನ ಒಬ್ಬ ಹೆಣ್ಣುಮಗಳು, ನಾಳೆ ನನ್ನ ತಂದೆಗೆ ಆಪರೇಷನ್ ಇದೆ, ಬೇರೆಯವರನ್ನು ಕಳಿಸಿ ಎಂದು ಮೇಲ್ ಬರೆದರು. ಎರಡೇ ನಿಮಿಷದಲ್ಲಿ ನಾನು ಉತ್ತರ ಕೊಟ್ಟೆ. ಸರಿ, ಹೊರಡಿ ಎಂದೆ." ಮತ್ತೆ ಹೆಬ್ಬೆರಳು. "ಏಕೆಂದರೆ ನಾನು ಆ ಮೇಲ್ ಓದಿರಲಿಲ್ಲ. ಅವರು ಹೊರಟರು. ಅವರ ತಂದೆ ತೀರಿಕೊಂಡರು. ಮೂರನೇ ದಿನ ಅವರ ಮನೆಗೆ ಹೋಗಿ, ಅವರ ತಾಯಿಯ ಎದುರು ಕೂತು, ನಿಮ್ಮ ಮಗಳು ಹೇಳಲೇ ಇಲ್ಲ ಎಂದು ಸುಳ್ಳು..."

ಬಾಯಿ ಓದಿದ್ದು ತಲೆಗೆ ಮುಟ್ಟಿದ್ದು ಆಗ. ಮುಖ ಕಪ್ಪಿಟ್ಟಿತು.

"ಇದು ನಾನು ಬರೆದಿದ್ದಲ್ಲ" ಅಂದರು.

"ಮೊದಲೇ ನೋಡಿರಲಿಲ್ವಾ?" ಎಂದು ಅಧ್ಯಕ್ಷೆ ಕೇಳಿದರು.

ಅತ್ತಿಗೆ ಎದ್ದು ನಿಂತರು. ಚಿತ್ರ ಅಲ್ಲಿ ಸ್ವಲ್ಪವೂ ಅಲುಗಾಡುವುದಿಲ್ಲ. "ಸೋಮವಾರವೇ ಕಳಿಸಿದ್ದೆ ಮೇಡಂ. ಚೆನ್ನಾಗಿದೆ ಅಂತ ಒಪ್ಪಿಗೆ ಕೊಟ್ಟಿದ್ದಾರೆ. ಆ ಹೆಣ್ಣುಮಗಳು ನಾನೇ."

ಅಧ್ಯಕ್ಷೆ ಸಾಹೇಬರತ್ತ ತಿರುಗಿ, "ನೀವು ಈಗ ಇಲ್ಲಿ ಓದಿದ್ದು ನಿಜವೋ ಸುಳ್ಳೋ, ಅಷ್ಟು ಹೇಳಿ" ಅಂದರು.

ಸಾಹೇಬರು ಅತ್ತ ಇತ್ತ ನೋಡಿದರು. ಹಿಂದಿನ ಸಾಲುಗಳಲ್ಲಿ ಅವರಿಂದ ಇಂಥ ಉತ್ತರ ಪಡೆದವರೇ ಇನ್ನೂರು ಜನ ಕೂತಿದ್ದರು. "ನಿಜ ಮೇಡಂ. ಆದ್ರೆ ಅದು ತುಂಬಾ ಕೆಳಗಿತ್ತು."

ವೇದಿಕೆಯ ಹಿಂದೆ ಸಾಹೇಬರು ಅತ್ತಿಗೆಯ ಮೇಲೆ ಎಗರಾಡಿದರಂತೆ. "ಇನ್ನು ನಿಮಗೆ ಇಲ್ಲಿ ಕೆಲಸ ಇಲ್ಲ." ಅತ್ತಿಗೆ ತಣ್ಣಗೆ, "ನನ್ನ ರಾಜೀನಾಮೆ ಸೋಮವಾರದ ಮೇಲ್‌ನ ಕೊನೇ ಸಾಲಿನಲ್ಲಿತ್ತು ಸಾರ್. ಅದಕ್ಕೂ ಚೆನ್ನಾಗಿದೆ ಅಂದಿದ್ದೀರಿ" ಎಂದು ಹೇಳಿ, ಕಂಪನಿಯ ಬಟ್ಟುಗಳ ಪೆಟ್ಟಿಗೆಯನ್ನು ಅವರ ಕೈಗಿಟ್ಟು ಬಂದರು. ಸಾಹೇಬರ ಮ್ಯಾನೇಜರಿಕೆ ಆ ವಾರವೇ ಹೋಯಿತು. ಈಗ ಗೋದಾಮಿನಲ್ಲಿ ಕೂತು ಕಾಗದದ ಮೇಲಿನ ಪಟ್ಟಿಗಳನ್ನು ಓದುತ್ತಾರಂತೆ, ಕನ್ನಡಕ ಹಾಕಿಕೊಂಡು. ಅಯ್ಯೋ ಪಾಪ ಅನ್ನಲು ನನ್ನಿಂದಾಗದು.

ಸಭೆಯ ಮರುದಿನ ಮಧ್ಯಾಹ್ನ ನಾನೂ ಅತ್ತಿಗೆಯೂ ಅಮ್ಮನ ಮನೆಗೆ ಹೋದೆವು. ಅಮ್ಮ ಕಿಟಕಿಯ ಪಕ್ಕದ ಮಂಚದ ಮೇಲೆ ಬಟ್ಟೆ ಮಡಚುತ್ತಾ ಕೂತಿದ್ದರು. ಅತ್ತಿಗೆ ಫೋನನ್ನು ಅವರ ಮಡಿಲಿಗಿಟ್ಟು ಚಿತ್ರ ಹಚ್ಚಿದರು. ಅಮ್ಮ ಪೂರ್ತಿ ನೋಡಿದರು. "ಇನ್ನೊಂದು ಸಲ" ಅಂದರು. ಎರಡನೇ ಸಲ "ನಿಜ ಮೇಡಂ" ಎಂದು ಬಂದಾಗ ಕೈಯಲ್ಲಿದ್ದ ಟವೆಲ್ಲನ್ನು ಹಿಂಡುವವರ ಹಾಗೆ ತಿರುಚಿದರು. ಮೂರನೇ ಸಲವೂ ನೋಡಿದರು. ಆಮೇಲೆ ಮಗಳ ಮುಖ ನೋಡಿ, ಹತ್ತು ತಿಂಗಳ ಮೇಲೆ ಮೊದಲ ಮಾತಾಡಿದರು.

"ಇವನಿಗೆ ತಾಯಿ ಇದ್ದಾಳಾ?"

"ಇದ್ದಾರಮ್ಮ."

"ನಿನಗೆ ಗೊತ್ತಾ?"

"ಗೊತ್ತು. ಅವರ ಟಿಕೆಟ್ಟುಗಳನ್ನೂ ಸಾಹೇಬರು ನನ್ನ ಕೈಲೇ ಮಾಡಿಸ್ತಿದ್ರು. ನಂಬರಿದೆ."

"ಕಳಿಸು" ಅಂದರು ಅಮ್ಮ. "ಅವಳೂ ತನ್ನ ಮಗನ್ನ ನಾನು ನಿನ್ನ ನೋಡಿದ ಹಾಗೇ ನೋಡಲಿ, ಒಂದು ಹತ್ತು ತಿಂಗಳು."

ಅತ್ತಿಗೆ ಕಳಿಸಲಿಲ್ಲ ಎಂದು ಬರೆದರೆ ನಿಮಗೆ ಇಷ್ಟವಾಗುತ್ತಿತ್ತು, ಗೊತ್ತು. ಅವರು ಅಮ್ಮನ ಪಕ್ಕದಲ್ಲೇ ಕೂತು, ಆ ನಂಬರು ಹುಡುಕಿ, ಕಳಿಸಿದರು. ಅಮ್ಮ ಮಡಚಿಟ್ಟ ಬಟ್ಟೆಗಳನ್ನು ಆಚೆ ಸರಿಸಿ ಮಗಳಿಗೆ ಇನ್ನಷ್ಟು ಜಾಗ ಮಾಡಿಕೊಟ್ಟರು.