ನೀರೆಂದರೆ ಸಮೃದ್ಧಿ, ಬರಕೋರಿ

ಶಹಾಪುರದ ಕಾಲೇಜಿನಲ್ಲಿ ನಮಗೆ ಕನ್ನಡ ಕಲಿಸುತ್ತಿದ್ದವರು ಸುರಪುರದ ಬಸ್ಸಿಳಿದು ನೇರ ತರಗತಿಗೇ ಬರುತ್ತಿದ್ದರು. ಕಂಕುಳಲ್ಲಿ ಹಳದಿಗಟ್ಟಿದ ನೋಟ್ಸು, ಬಾಯಲ್ಲಿ ಒಂದೇ ಮಾತು: “ಬರಕೋರಿ.” ಅವರು ಹೇಳಬೇಕು, ನಾವು ಬರೆದುಕೊಳ್ಳಬೇಕು. ಯಾವ ಪದ್ಯದಲ್ಲಿ ನೀರು ಬಂದರೂ ಅದು ಸಮೃದ್ಧಿ. ಬರಕೋರಿ.

ಕಾಲುವೆ ಬಂದ ಮೇಲೆ ನಮ್ಮ ಹೊಲದಲ್ಲಿ ನೀರು ನಿಂತು, ಮಣ್ಣು ಸವಳಾಗಿ, ಉಪ್ಪು ಬೆಳ್ಳಗೆ ಮೇಲೆದ್ದಿತ್ತು. ಪರೀಕ್ಷೆಯಲ್ಲಿ ನಾನು, ‘ಈ ಪದ್ಯದಲ್ಲಿ ನೀರು ಏರಿದಂತೆಲ್ಲ ಹೆಂಗಸು ಮಾತು ನಿಲ್ಲಿಸುತ್ತಾಳೆ, ಇಲ್ಲಿ ನೀರೆಂದರೆ ಭಯ’ ಎಂದು ಬರೆದೆ. ಸೊನ್ನೆ ಬಂತು. ನನಗೆ ಪದ್ಯ ತಿಳಿಯುವುದೇ ಇಲ್ಲವೆಂದು ಕಾಲೇಜು ಬಿಡಲು ಹೊರಟಿದ್ದೆ.

ರಜೆಯಲ್ಲಿ ಅವರು ಅಧ್ಯಾಪಕರ ತರಬೇತಿಗೆ ಹೋಗಿಬಂದರು. ಮರಳಿದ ದಿನ ನೋಟ್ಸು ತೆರೆಯಲಿಲ್ಲ; ಅಲ್ಲಿ ಕೇಳಿದ್ದನ್ನು ಹೇಳತೊಡಗಿದರು.

“ಶಬ್ದಕ್ಕ ಅರ್ಥ ವಸ್ತುವಿನಿಂದ ಬರೂದಿಲ್ಲ, ಬ್ಯಾರೆ ಶಬ್ದಗಳ ಜೋಡಿ ಇರೋ ಫರಕಿನಿಂದ, ವ್ಯತ್ಯಾಸದಿಂದ ಬರ್ತದ ಅಂತ ಮೊದಲ ಕೆಲವು ಭಾಷಾಪಂಡಿತರು ಅಂದ್ರು. ಆಮ್ಯಾಲ ಬಂದವರು, ಆ ಫರಕಿಗೂ ಕೊನಿ ಇಲ್ಲ, ಅರ್ಥ ಒಂದ ಕಡೆ ನಿಲ್ಲೂದಿಲ್ಲ ಅಂದ್ರು. ಪದ್ಯ ಬರದಾಂವನ ಕೈಯಾಗೂ ಅದು ಇರೂದಿಲ್ಲ. ಹಂಗಾಗಿ ನೀರಂದ್ರ ಯಾವಾಗ್ಲೂ ಸಮೃದ್ಧಿನ ಅಂತಲ್ಲ.”

“ಹಂಗಾರ ಏನ್ ಬೇಕಾದ್ರೂ ಬರೀಬಹುದೇನ್ರಿ?” ಹಿಂದಿನ ಬೆಂಚಿನವಳು ಕೇಳಿದಳು.

“ಹಂಗಂದೆನೇನು ನಾ? ಪದ್ಯದಾಗ ತೋರಸ್ರಿ!” ಎಂದು ಗದರಿದರು. ಆಮೇಲೆ ನನ್ನ ಉತ್ತರಪತ್ರಿಕೆ ತೆಗೆದರು. “ಇಕಿ ತೋರಿಸಿದ್ಲು. ನಾನ ನೋಡಲಿಲ್ಲ.” ಸೊನ್ನೆ ಹೊಡೆದುಹಾಕಿದರು. ಕಾಲೇಜು ಬಿಡುವ ಯೋಚನೆಯನ್ನು ನಾನು ಅಲ್ಲೇ ಬಿಟ್ಟೆ. ಅವರ ಮುಖವೂ ಹಗುರಾಗಿತ್ತು.

ಮರುದಿನ ಹೊಸ ಪದ್ಯ ಓದಿ ಮುಗಿಸಿ, ರೂಢಿಯಂತೆ “ಬರಕೋ…” ಎಂದವರು ತಡೆದರು. ಖಾಲಿ ಕಂಕುಳನ್ನೊಮ್ಮೆ ನೋಡಿಕೊಂಡು ನಕ್ಕರು. ಕುರ್ಚಿ ಎಳೆದು ನಮ್ಮ ಬೆಂಚಿನ ಪಕ್ಕ ಕುಳಿತು, ಪೆನ್ನಿನ ಮುಚ್ಚಳ ತೆಗೆದರು.

“ಹೇಳ್ರಿ,” ಅಂದರು. “ನಾ ಬರಕೋತೀನಿ.”