ಕಾಗದದ ಆಟಗಾರರು

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾವಾಗ ಪರದೇಶದಲ್ಲಿ, ಮೌಂಟ್ ರಾಸ್ಕಿಲ್ ಎಂಬ ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ಸುತ್ತಲಿನವರೆಲ್ಲ ರಗ್ಬಿ ಅಂದರೆ ನನ್ನ ಗಂಡನಿಗೆ ಬೇಸ್‌ಬಾಲ್ ಹುಚ್ಚು. ಆ ಚಳಿಗಾಲ ಒಂದು ಪುಸ್ತಕ ತಂದರು. ಅದರ ಹಾಳೆಗಳನ್ನು ಕತ್ತರಿಸಿ, ಮಡಚಿ, ಅಂಟಿಸಿದರೆ ಆಟಗಾರರ ಸಮೇತ ಇಡೀ ಬೇಸ್‌ಬಾಲ್ ಮೈದಾನ ಸಿದ್ಧವಾಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅವರು ಕತ್ತರಿಯನ್ನು ನನ್ನ ಕಡೆ ಸರಿಸಿದರು.

“ಇದೊಂದು ನೀನ ಕತ್ತರಸು. ಬ್ಯಾಟ್ ಭಾಳ ಸಣ್ಣದೈತಿ.”

ಮೇಜಿನ ಮೇಲೆ ಮೂವರು ಆಟಗಾರರ ಕೈಗಳು ತುಂಡಾಗಿ ಬಿದ್ದಿದ್ದವು. ಅಡುಗೆಮನೆ ಕಪಾಟು ಮಾಡುವ ಬಡಗಿ ಅವರು. ಗೆರೆ ತಪ್ಪಿದ್ದನ್ನು ನಾನೆಂದೂ ಕಂಡಿರಲಿಲ್ಲ. ಅವರ ಬಲಗೈ ಹೆಬ್ಬೆರಳು ತಾನಾಗಿಯೇ ಅದುರುತ್ತಿತ್ತು.

“ಯಾವಾಗಿಂದ ಹಿಂಗಾಗೈತ್ರಿ?” ಅಂದೆ.

“ಥಂಡಿಗೆ ಹಂಗಾಗತೈತಿ.”

ಪಕ್ಕದಲ್ಲೇ ಹೀಟರ್ ಉರಿಯುತ್ತಿತ್ತು. ನಾನು ನರ್ಸ್, ವಾರ್ಡಿನಲ್ಲಿ ಇಂಥ ಕೈಗಳನ್ನು ನೋಡಿದ್ದೆ. ಬ್ಯಾಟ್ ಕತ್ತರಿಸಿಕೊಟ್ಟೆ. ಮರುದಿನ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ.

ಡಾಕ್ಟರು ಅವರಿಂದ ಒಂದು ಸಾಲು ಬರೆಸಿದರು. ಕೊನೆಗೆ ಬರುವಷ್ಟರಲ್ಲಿ ಅಕ್ಷರಗಳು ಸಾಸಿವೆಯಷ್ಟಾಗಿದ್ದವು. ಪರೀಕ್ಷೆ ಮುಗಿಸಿ ಪಾರ್ಕಿನ್ಸನ್ಸ್ ಕಾಯಿಲೆ ಅಂದರು.

ಇವರು ನನ್ನ ಮುಖ ನೋಡಿದರು. “ನಿನಗ ಮೊದಲ ಗೊತ್ತಿತ್ತು, ಹೌದಲ್ಲ?”

ನಾನು ಹೌದು ಅಂದೆ.