ಮುಟ್ಟಬೇಡಿ ಟೀಚರ್

ನಮ್ಮ ಬೀದಿಯ ಕೊನೆಯ ಶಿಶುವಿಹಾರದಲ್ಲಿ ಗಾಜಿನ ಬಾಗಿಲಿನ ಒಂದು ಬೀರು ಇದೆ. ಅದರೊಳಗಿದ್ದಷ್ಟು ವಿದ್ಯೆ ಆ ಕಟ್ಟಡದಲ್ಲಿ ಬೇರೆಲ್ಲೂ ಇರಲಿಲ್ಲ. ಬಡಗಿಗಳು ಮರ ಉಜ್ಜುವ ಒರಟು ಕಾಗದವನ್ನು ಕತ್ತರಿಸಿ ರಟ್ಟಿಗೆ ಅಂಟಿಸಿದ ಅಕ್ಷರಗಳು: ಮಗು ಬೆರಳಿಟ್ಟು ತಿದ್ದಿದರೆ ಅಕ್ಷರ ಬೆರಳಿಗೇ ಹತ್ತಬೇಕು. ಅಂಕಿ ಬರೆದ ಬಾಟಲಿ ಮುಚ್ಚಳಗಳು: ಅಂಕಿ ನೋಡಿ ಅಷ್ಟು ಮಣಿ ಒಳಗೆ ಹಾಕಬೇಕು. ಮೇಲಿನ ಹಲಗೆಯ ಮೇಲೆ ಗುಂಡಿಗಳ ಡಬ್ಬಿ. ಬಣ್ಣ ನೋಡಿ ಬೇರೆ ಮಾಡು, ತೂತು ನೋಡಿ ಬೇರೆ ಮಾಡು, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಡು. ಲೆಕ್ಕ ಶುರುವಾಗುವುದೇ ಅಲ್ಲಿಂದ.

ಇದನ್ನೆಲ್ಲ ಮಾಡಿದವಳು ಅಲ್ಲಿನ ಟೀಚರಮ್ಮ. ಕೈ ಚಿನ್ನದಂಥದ್ದು, ಒಪ್ಪುತ್ತೇನೆ. ಬುದ್ಧಿಯ ಮಾತು ಬೇರೆ. ರಜೆಯ ದಿನವೆಲ್ಲ ಕೂತು ಕತ್ತರಿಸಿ, ಅಂಟಿಸಿ, ಒರೆಸಿ, ಬೀರುವಿನೊಳಗೆ ಜೋಡಿಸಿದಳು. ಬೀಗ ಜಡಿದಳು. ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಖಜಾನೆಯ ಕಾವಲಿನವಳ ಹಾಗೆ ಓಡಾಡಿದಳು. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡಬೇಕು. ಮೂಗಿನ ಗುರುತು ಬಿದ್ದರೆ ಅದಕ್ಕೂ ಬೈಗುಳ.

"ಮಕ್ಕಳಿಗೆ ಕೊಡಲ್ವೇನಮ್ಮಾ?" ಎಂದು ಮೊಮ್ಮಗಳನ್ನು ಬಿಡಲು ಹೋದಾಗ ಒಮ್ಮೆ ಕೇಳಿದೆ.

"ಕೊಟ್ರೆ ಹಾಳು ಮಾಡ್ತಾರೆ ತಾತ."

"ಮತ್ತೆ ಯಾರಿಗೆ ಅಂತ ಮಾಡಿದ್ದು?"

"ಇದೇನು ಹೀಗೆ ಕೇಳ್ತೀರಾ? ಮಕ್ಕಳಿಗೇ!"

ಇಂಥವಳ ಜೊತೆ ಏನು ಮಾತಾಡುವುದು? ಬೀದಿಯವರು 'ಮುಟ್ಟಬೇಡಿ ಟೀಚರ್' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಬೀರುವಿನ ಬಾಗಿಲು ತೆರೆದಾಗಲೆಲ್ಲ "ಕೈ ಹಿಂದೆ!" ಎಂದು ಕೂಗುತ್ತಿದ್ದಳು. ಮಕ್ಕಳೆಲ್ಲ ಬೆನ್ನ ಹಿಂದೆ ಕೈ ಕಟ್ಟಿ, ಕೋಲು ನುಂಗಿದವರ ಹಾಗೆ ಕೂರುತ್ತಿದ್ದವು. ಅವಳು ಒಂದೊಂದೇ ಗುಂಡಿ ಎತ್ತಿ ತೋರಿಸಿ, "ಇದು ಕೆಂಪು, ಇದು ಬಿಳಿ" ಎಂದು ಹೇಳಿ, ಮತ್ತೆ ಡಬ್ಬಿಗೆ ಹಾಕಿಡುತ್ತಿದ್ದಳು. ಊಟದ ತಟ್ಟೆ ತೋರಿಸಿ ಹೊಟ್ಟೆ ತುಂಬಿಸುವ ಉಪಾಯ!

ಈ ರೋಗ ಅವಳಿಗೆ ಎಲ್ಲಿಂದ ಹತ್ತಿತು ಎಂಬುದು ನನಗೆ ಗೊತ್ತು. ಅವಳ ತಾಯಿ ದರ್ಜಿ. ನಮ್ಮ ಅಂಗಿಗಳನ್ನೆಲ್ಲ ಹೊಲಿದವಳು. ಗುಂಡಿಯ ಡಬ್ಬಿ ಆಕೆಯದೇ. ಹುಡುಗಿ ಹೊಲಿಗೆ ಯಂತ್ರದ ಪಕ್ಕ ಕೂತು ಡಬ್ಬಿಗೆ ಕೈ ಚಾಚಿದರೆ ಅಳತೆಪಟ್ಟಿಯಿಂದ ಒಂದು ಬೀಳುತ್ತಿತ್ತು. ಗಿರಾಕಿಯ ಗುಂಡಿ ಕಳೆದರೆ ತಾಯಿಗೆ ಉಳಿಗಾಲವಿರಲಿಲ್ಲ, ಅದು ನಿಜ. ಆದರೆ ಮಗಳು ಆ ಏಟನ್ನೇ ಪಾಠವೆಂದು ಕಲಿತು, ದೊಡ್ಡವಳಾಗಿ ಊರಿನ ಮಕ್ಕಳಿಗೆಲ್ಲ ಹಂಚಲು ಹೊರಟರೆ ಏನೆನ್ನಬೇಕು?

ಅಷ್ಟರಲ್ಲಿ ಮುಖ್ಯ ಟೀಚರ್ ಜಾಗ ಖಾಲಿಯಾಯಿತು. ಇವಳಿಗೆ ಆ ಕುರ್ಚಿಯ ಮೇಲೆ ಬಹಳ ದಿನದಿಂದ ಕಣ್ಣು. ಪಕ್ಕದ ಕೋಣೆಯ ಚಿಕ್ಕ ಟೀಚರ್ ಒಬ್ಬಳೇ ಪ್ರತಿಸ್ಪರ್ಧಿ. ಆ ಹುಡುಗಿಯ ಬುಟ್ಟಿಯಲ್ಲಿ ಹಲ್ಲಿನ ಗುರುತು ಬಿದ್ದ ಮುಚ್ಚಳ, ಅರ್ಧ ಹರಿದ ಅಕ್ಷರ, ಜೊಲ್ಲು ಹತ್ತಿದ ಮಣಿ. "ಅವಳ ಬುಟ್ಟಿ ನೋಡಿದ್ರೆ ವಾಕರಿಕೆ ಬರುತ್ತೆ" ಎಂದು ನಮ್ಮ ಟೀಚರಮ್ಮ ಮೂಗು ಮುರಿಯುತ್ತಿದ್ದಳು. ಪೋಷಕರ ದಿನ ಶಾಲೆಯ ಅಧ್ಯಕ್ಷರಾದ ವಯಸ್ಸಾದ ಹೆಂಗಸು ಬಂದು ಎರಡೂ ಕೋಣೆ ನೋಡಿ ತೀರ್ಮಾನ ಹೇಳುವುದೆಂದಾಯಿತು.

ಆ ದಿನ ಬೀರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಟೀಚರಮ್ಮನ ಮುಖವೂ. ನಾವೆಲ್ಲ ಗೋಡೆಗೆ ಒರಗಿ ನಿಂತಿದ್ದೆವು.

"ಎಷ್ಟು ಚೆನ್ನಾಗಿ ಮಾಡಿದೀಯಮ್ಮಾ!" ಎಂದರು ಅಧ್ಯಕ್ಷರು. ತಾವೇ ಡಬ್ಬಿ ತೆಗೆದು ಗುಂಡಿಗಳನ್ನು ಚಾಪೆಯ ಮೇಲೆ ಸುರಿದುಬಿಟ್ಟರು. "ಎಲ್ಲಿ ಮಕ್ಕಳೇ, ಒಂದೊಂದು ಬಣ್ಣ ಒಂದೊಂದು ಕಡೆ ಮಾಡಿ ನೋಡೋಣ."

ಒಂದು ಮಗುವೂ ಕೈ ಚಾಚಲಿಲ್ಲ.

"ಯಾಕ್ರೋ, ಕೈಗೇನಾಗಿದೆ?"

"ಮುಟ್ಟಬಾರದು! ಕೈ ಹಿಂದೆ!" ಎಂದು ಇಡೀ ಕೋಣೆ ರಾಗವಾಗಿ ಕೂಗಿತು.

"ಇವತ್ತು ಮುಟ್ಟಬಹುದು ಪುಟಾಣಿಗಳೇ, ಮುಟ್ಟಿ, ಮುಟ್ಟಿ" ಎಂದು ಟೀಚರಮ್ಮ ಹಲ್ಲು ಕಿರಿದಳು. ಮಕ್ಕಳು ಅವಳ ಮುಖ ನೋಡಿ ಕೈಗಳನ್ನು ಇನ್ನೂ ಬಿಗಿಯಾಗಿ ಕಟ್ಟಿಕೊಂಡವು. ಮುಟ್ಟಿದರೆ ಆಮೇಲೆ ಏನಾಗುತ್ತದೆಂದು ಅವಕ್ಕೆ ಗೊತ್ತು.

ನನ್ನ ಮೊಮ್ಮಗಳಿಗೆ ಮಾತ್ರ ತಡೆಯಲಾಗಲಿಲ್ಲ. ಕೈ ಬೆನ್ನ ಹಿಂದೆಯೇ ಇತ್ತು. ಬರಿಗಾಲು ಚಾಚಿ, ಹೆಬ್ಬೆರಳಿಂದ ಒಂದು ಕೆಂಪು ಗುಂಡಿಯನ್ನು ಪಕ್ಕಕ್ಕೆ ತಳ್ಳಿದಳು. ಇನ್ನೊಂದು ಕೆಂಪು. ಆಮೇಲೆ ಬಿಳಿ, ಅದು ಬೇರೆ ಕಡೆಗೆ.

"ಕಾಲು! ಅಯ್ಯೋ, ಕಾಲು ತೆಗಿಯೇ!" ಎಂದು ಟೀಚರಮ್ಮ ಚೀರಿದಳು.

"ಕೈ ಮುಟ್ಟಿಲ್ಲ ಮಿಸ್" ಎಂದಳು ಹುಡುಗಿ, ತಲೆಯೆತ್ತದೆ.

ನಗೆಯಿಂದ ಕೋಣೆಯ ಸೂರು ಹಾರಿಹೋಯಿತು. ನಗದಿದ್ದವರು ಇಬ್ಬರೇ, ಟೀಚರಮ್ಮ ಮತ್ತು ಅಧ್ಯಕ್ಷರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡು, "ಎಲ್ಲಾ ಹೊಸದರ ಹಾಗೇ ಇದೆ. ಅದೇ ತೊಂದರೆ ಕಣಮ್ಮಾ" ಎಂದರು. ಪಕ್ಕದ ಕೋಣೆಗೆ ಹೋದರು. ಕುರ್ಚಿ ಜೊಲ್ಲು ಹತ್ತಿದ ಬುಟ್ಟಿಯವಳಿಗೆ ಹೋಯಿತು.

ನಮ್ಮ ಟೀಚರಮ್ಮ ಅತ್ತಳೇ? ಇಲ್ಲ. ಮಂಡಿಯೂರಿ ಗುಂಡಿಗಳನ್ನು ಆರಿಸುತ್ತಿದ್ದಳು. "ನೀಲಿದೊಂದು ಇಲ್ಲ. ಅಮ್ಮನ ನೀಲಿ ಗುಂಡಿ ಇಲ್ಲ" ಎಂದು ಚಾಪೆ ಎತ್ತಿ ಎತ್ತಿ ನೋಡುತ್ತಿದ್ದಳು. ಕುರ್ಚಿ ಹೋದದ್ದಕ್ಕಲ್ಲ, ಗುಂಡಿ ಹೋದದ್ದಕ್ಕೆ ಮುಖ ಬಾಡಿತ್ತು. ಎಂಥ ಬೆಪ್ಪು ನೋಡಿ.

ಗುಂಡಿ ನಮ್ಮ ಮನೆಗೆ ಬಂದಿತ್ತು, ಮೊಮ್ಮಗಳ ಕಾಲ್ಬೆರಳ ಸಂದಿಯಲ್ಲಿ. ದಾರಿಯುದ್ದಕ್ಕೂ ಯಾಕೆ ಕುಂಟಿದಳೆಂದು ಸೊಸೆಗೆ ತಿಳಿದದ್ದು ಕಾಲು ತೊಳೆಸುವಾಗ.

ಮಾರನೆಯ ದಿನ ಕರೆದುಕೊಂಡು ಹೋದೆ. ಹುಡುಗಿ ಕೈ ಹಿಂದೆ ಕಟ್ಟಿ, ಕಾಲೆತ್ತಿ, ಬೆರಳ ಸಂದಿಯ ಗುಂಡಿಯನ್ನು ಟೀಚರಮ್ಮನ ಮುಂದೆ ಹಿಡಿದಳು. ಟೀಚರಮ್ಮ ಗುಂಡಿ ನೋಡಿದಳು, ಕಾಲು ನೋಡಿದಳು.

"ಕೈಯಲ್ಲಿ ಕೊಡೇ" ಎಂದಳು ಕೊನೆಗೆ.

ಹುಡುಗಿ ನನ್ನ ಮುಖ ನೋಡಿದಳು. ನಿಧಾನಕ್ಕೆ ಕೈ ಮುಂದೆ ತಂದು, ಗುಂಡಿ ತೆಗೆದು ಕೊಟ್ಟಳು. ಟೀಚರಮ್ಮ ಅದನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಚಾಪೆಯ ಮೇಲಿಟ್ಟು, ಹಾಜರಿ ಕೂಗಲು ಹೋದಳು. ಬೀಗದಕೈ ಸೊಂಟದಲ್ಲೇ ಇತ್ತು. ಡಬ್ಬಿಯನ್ನು ಬೀರುವಿಗಿಟ್ಟು ಬೀಗ ಹಾಕಲು ಮರೆತಳೋ, ಬೇಕೆಂದೇ ಬಿಟ್ಟಳೋ. ಅವಳಿಗೆ ಒಂದೇ ರಾತ್ರಿಯಲ್ಲಿ ಅಷ್ಟು ಬುದ್ಧಿ ಬಂತೆಂದರೆ ನಾನಂತೂ ನಂಬುವುದಿಲ್ಲ. ಆದರೆ ನಾನು ಗೇಟು ದಾಟುವ ಹೊತ್ತಿಗೆ ಒಳಗೆ ಗುಂಡಿಗಳು ಸುರಿದ ಸದ್ದು ಕೇಳಿತು. "ಕೈ ಹಿಂದೆ" ಎಂಬ ಕೂಗು ಮಾತ್ರ ಕೇಳಲಿಲ್ಲ.